ಮಾಯೆಗೂ ಬೆಲೆಯುಂಟು

ಜಪಾನಿನ ಚಿತ್ರಕತೆಗಳನ್ನು ಓದಿ ನಮ್ಮ ಮಕ್ಕಳು ಕೆಡುತ್ತಿದ್ದಾರೆಂಬ ಕೂಗು ಈಗ ನಮ್ಮ ಜಾಲಹಳ್ಳಿಗೂ ಬಂದು ಮುಟ್ಟಿದೆ. ದೇವದುರ್ಗ ತಾಲ್ಲೂಕಿನ ಈ ಊರಿಗೆ ಕಾಲುವೆಯ ನೀರು ತಡವಾಗಿ ಬಂದೀತು. ಇಂಥ ಕೂಗು ಮಾತ್ರ ತಡಮಾಡುವುದಿಲ್ಲ. ಬೆಂಗಳೂರಿನಲ್ಲಿ ಓದುವ ನನ್ನ ಮೊಮ್ಮಗಳು ರಜೆಗೆ ಬಂದಾಗ ಇಂಥ ಹತ್ತಾರು ಸಂಪುಟಗಳನ್ನು ಇಂಗ್ಲಿಷ್ ಅನುವಾದದಲ್ಲಿ ಹೊತ್ತು ತಂದಿದ್ದಳು. ಇವಕ್ಕೆ ಜಪಾನೀಯರು 'ಮಂಗಾ' ಎನ್ನುತ್ತಾರೆ. ನಮ್ಮ ಮರದ ಮೇಲಿನ ಮಂಗನಿಗೂ ಇದಕ್ಕೂ ನಂಟಿಲ್ಲವೆಂದು ಮೊದಲೇ ಹೇಳಿಬಿಡುವುದು ಒಳ್ಳೆಯದು.

ಅಂದು ಮನೆಗೆ ಬಂದ ನನ್ನ ಹಿರಿಯ ಮಿತ್ರರೊಬ್ಬರು, ಹುಡುಗಿ ಪಡಸಾಲೆಯಲ್ಲಿ ಕುಳಿತು ಓದುವುದನ್ನು ಕಂಡು, "ಏನ್ರಿ ಮಾಸ್ತರ, ನಿಮ್ಮ ಮೊಮ್ಮಗಳು ಪುಸ್ತಕಾನ ಹಿಂದಿನಿಂದ ಓದಾಕತ್ತಾಳಲ್ಲ!" ಎಂದರು. ಮಂಗಾವನ್ನು ಬಲದಿಂದ ಎಡಕ್ಕೆ ಓದಬೇಕು. ನಿಜಾಮರ ಕಾಲದಲ್ಲಿ ಉರ್ದು ಕಲಿತ ನನ್ನ ತಂದೆ ಹಾಗೆಯೇ ಓದುತ್ತಿದ್ದರು. ಅದರಿಂದ ಅವರ ಬುದ್ಧಿಯೇನೂ ಹಿಂದುಮುಂದಾಗಲಿಲ್ಲ ಎಂದೆ. ಮಿತ್ರರು ಅಷ್ಟಕ್ಕೆ ಬಿಡಲಿಲ್ಲ. "ಬರೇ ರಾಕ್ಷಸರು, ರಕ್ತ, ಪರದೇಶದ ಕತಿ. ಮ್ಯಾಲೆ ಇಲ್ಲದ ಊರಿನ ಇಲ್ಲದ ಮಂದಿ ಹಿಂಗ್ಯಾಕ ಮಾಡಿದ್ರು ಅಂತ ಈ ಹುಡುಗರು ತಾಸುಗಟ್ಟಲೆ ಜಗಳಾಡ್ತಾವ. ಇದೇನು ಓದೇನ್ರಿ?"

ಮಿತ್ರರು ನಾಲ್ಕು ಆರೋಪ ಹೊರಿಸಿದರು. ಉಳಿದ ಮೂರಕ್ಕೆ ಆಮೇಲೆ ಬರುತ್ತೇನೆ. ಕೊನೆಯದನ್ನು, ಅಂದರೆ ಕಲ್ಪಿತ ಪಾತ್ರಗಳ ನಡತೆಯ ಮೇಲೆ ಜಗಳವಾಡುವುದು ಕೆಲಸವಿಲ್ಲದವರ ಕೆಲಸವೆಂಬ ಮಾತನ್ನು, ನಾನು ಒಪ್ಪಲಾರೆ. ಓದು ಎಂಬುದರ ಜೀವಾಳವೇ ಆ ಜಗಳವೆಂದು ನನ್ನ ವಾದ.

ವಾಚಕರೇ, 1949ರಿಂದ ಕನ್ನಡದಲ್ಲಿ ಬರತೊಡಗಿದ 'ಚಂದಮಾಮ'ವನ್ನು ನೆನೆಸಿಕೊಳ್ಳಿ. ಹೆಗಲ ಮೇಲೆ ಹೆಣ, ಕೈಯಲ್ಲಿ ಕತ್ತಿ, ಸ್ಮಶಾನದ ದಾರಿ. ಬೇತಾಳ ಕತೆ ಹೇಳುತ್ತಾನೆ. ಮುಗಿಸಿ, ಇದರಲ್ಲಿ ತಪ್ಪು ಯಾರದು, ಹೆಚ್ಚಿನವನು ಯಾರು ಎಂದು ಕೇಳುತ್ತಾನೆ. ಉತ್ತರ ಗೊತ್ತಿದ್ದೂ ಸುಮ್ಮನಿದ್ದರೆ ವಿಕ್ರಮನ ತಲೆ ಹೋಳಾಗುತ್ತದೆ. ಹನ್ನೊಂದನೆಯ ಶತಮಾನದಲ್ಲಿ ಕಾಶ್ಮೀರದ ಸೋಮದೇವನ 'ಕಥಾಸರಿತ್ಸಾಗರ'ದಲ್ಲೂ ಇದೇ ಏರ್ಪಾಡು. ಹೀಗೆ ನಮ್ಮ ಹಿರಿಯರು ಕೇಳುಗನ ತೀರ್ಪನ್ನು ಕತೆಯ ಹೊರಗಿಡದೆ ಕತೆಯೊಳಗೇ ಕೂಡಿಸಿದರು. ಅಂಥವರ ಮೊಮ್ಮಕ್ಕಳಾದ ನಾವು, "ಕತೆ ಕೇಳು, ಪ್ರಶ್ನೆ ಕೇಳಬೇಡ" ಎನ್ನಬಹುದೇ?

ಆದರೆ ಜಗಳವೆಂದರೆ ಎಲ್ಲ ಜಗಳವೂ ಒಂದೇ ಅಲ್ಲ. "ನಾನಾಗಿದ್ದರೆ ಹಾಗೆ ಮಾಡುತ್ತಿರಲಿಲ್ಲ" ಎನ್ನುವುದು ತೀರ್ಪಲ್ಲ, ಬರಿಯ ಜಂಬ. ಪಾತ್ರ ಆರಿಸಿಕೊಂಡದ್ದು ಸರಿಯೋ ತಪ್ಪೋ ಎನ್ನುವುದಕ್ಕಿಂತ ಮೊದಲು ಕೇಳಬೇಕಾದ ಪ್ರಶ್ನೆ ಬೇರೆಯಿದೆ: ಆರಿಸಿಕೊಂಡದ್ದಕ್ಕೆ ಅದು ಬೆಲೆ ತೆತ್ತಿತೇ? ಕತೆಗಾರ ಆ ಲೆಕ್ಕವನ್ನು ಮುಚ್ಚದೆ ಓದುಗನ ಮುಂದಿಟ್ಟನೇ? ಮಾಯೆಯ ಕತೆಗಳಿಗೆ ಈ ಒರೆಗಲ್ಲು ಎರಡು ಪಾಲು ಬೇಕು. ಏಕೆಂದರೆ ಅಲ್ಲಿ ಮಂತ್ರ ಹಾಕಿ ಬೆಲೆಯನ್ನು ತಪ್ಪಿಸುವುದು ಬಹಳ ಸುಲಭ.

ಮೊಮ್ಮಗಳು ನನಗೆ ಮೊದಲು ಕೊಟ್ಟದ್ದು 'ಫುಲ್‌ಮೆಟಲ್ ಆಲ್ಕೆಮಿಸ್ಟ್'. ಹಿರೊಮು ಅರಕಾವಾ ಎಂಬ, ಹಾಲಿನ ಹೈನುಗಾರಿಕೆಯ ಮನೆಯಲ್ಲಿ ಬೆಳೆದ ಹೆಣ್ಣುಮಗಳು 2001ರಿಂದ 2010ರವರೆಗೆ ತಿಂಗಳು ತಿಂಗಳೂ ಬರೆದು, ಬಿಡಿಸಿ, 27 ಸಂಪುಟಗಳಲ್ಲಿ ಮುಗಿಸಿದ ಕತೆ. ಎಡ್ವರ್ಡ್, ಆಲ್ಫೋನ್ಸ್ ಎಂಬ ಇಬ್ಬರು ಎಳೆಯ ಅಣ್ಣತಮ್ಮಂದಿರು ಸತ್ತ ತಾಯಿಯನ್ನು ರಸವಿದ್ಯೆಯಿಂದ ಬದುಕಿಸಲು ಹೊರಡುತ್ತಾರೆ. ಆ ವಿದ್ಯೆಯ ಕಟ್ಟಳೆ ಒಂದೇ: ಏನನ್ನಾದರೂ ಪಡೆಯಬೇಕಾದರೆ ಅದಕ್ಕೆ ಸಮನಾದದ್ದನ್ನು ಕೊಡಬೇಕು. ತಾಯಿ ಬರುವುದಿಲ್ಲ. ಅಣ್ಣನ ಕಾಲು ಹೋಗುತ್ತದೆ, ತಮ್ಮನ ಇಡೀ ದೇಹವೇ ಹೋಗುತ್ತದೆ. ಅಣ್ಣ ತನ್ನ ಬಲಗೈಯನ್ನು ಕೊಟ್ಟು ತಮ್ಮನ ಜೀವವನ್ನು ಒಂದು ಕಬ್ಬಿಣದ ಕವಚಕ್ಕೆ ಕಟ್ಟಿ ನಿಲ್ಲಿಸುತ್ತಾನೆ.

ಹೆಂಡತಿಯನ್ನು ಕಳೆದುಕೊಂಡು ಮೂರು ವರ್ಷವಾದ ನಾನು ಆ ಪುಟಗಳನ್ನು ಓದಿ ಎದ್ದು ಅಂಗಳಕ್ಕೆ ಹೋದೆ. ಆ ಹುಡುಗರು ಮಾಡಿದ್ದು ತಪ್ಪೆಂದು ನನಗೆ ಗೊತ್ತು. ಆ ವಿದ್ಯೆ ನನಗೆ ತಿಳಿದಿದ್ದರೆ ನಾನೂ ಅದೇ ತಪ್ಪು ಮಾಡುತ್ತಿದ್ದೆನೆಂಬುದೂ ಗೊತ್ತು. ಮುಂದೆ ಅವರಿಗೊಂದು ಅಡ್ಡದಾರಿಯೂ ಕಾಣುತ್ತದೆ. ಆದರೆ ಕಟ್ಟಳೆಯನ್ನು ಮೀರಿಸುವ ಆ ಕಲ್ಲು ಮನುಷ್ಯರ ಜೀವಗಳಿಂದ ಮಾಡಿದ್ದು. ಅದು ಬೇಡವೆಂದು ಬಿಡುತ್ತಾರೆ. ಕಡೆಯಲ್ಲಿ ಎಡ್ವರ್ಡ್ ತನ್ನ ಹೆಮ್ಮೆಯಾಗಿದ್ದ ರಸವಿದ್ಯೆಯನ್ನೇ ಶಾಶ್ವತವಾಗಿ ಒಪ್ಪಿಸಿ ತಮ್ಮನ ದೇಹವನ್ನು ಬಿಡಿಸಿಕೊಳ್ಳುತ್ತಾನೆ. ತಾಯಿ ಮಾತ್ರ ಬರುವುದಿಲ್ಲ. ಇದರಲ್ಲಿ ನೀತಿಯಿಲ್ಲವೆನ್ನುವವರು ಯಾವ ನೀತಿಯನ್ನು ಹುಡುಕುತ್ತಿದ್ದಾರೋ ನಾನರಿಯೆ.

ಹಾಗೆಂದು ಮಂಗಾ ಎಂದದ್ದೆಲ್ಲ ಬಂಗಾರವೆಂದು ಸಾರಲು ನಾನು ಹೊರಟಿಲ್ಲ. ಹಾಜಿಮೆ ಇಸಾಯಾಮಾ 2009ರಿಂದ 2021ರವರೆಗೆ ಬರೆದ 'ಅಟ್ಯಾಕ್ ಆನ್ ಟೈಟನ್' 34 ಸಂಪುಟಗಳ ಕತೆ. ನರಭಕ್ಷಕ ದೈತ್ಯರಿಗಂಜಿ ಗೋಡೆಗಳೊಳಗೆ ಬಾಳುವ ಜನ. ಕಣ್ಣೆದುರೇ ತಾಯಿಯನ್ನು ಕಳೆದುಕೊಂಡ ಎರೆನ್ ಎಂಬ ಹುಡುಗ. ಬೆಳೆದ ಎರೆನ್ ತನ್ನವರನ್ನು ಉಳಿಸಲೆಂದು ಹೊರಗಿನ ಲೋಕವನ್ನೇ ದೈತ್ಯರ ಕಾಲಡಿ ತುಳಿಸುತ್ತಾನೆ. ಮನುಕುಲದ ಹತ್ತು ಪಾಲಿನಲ್ಲಿ ಎಂಟು ಪಾಲು ನಾಶ. ಗೆಳೆಯರೇ ಅವನನ್ನು ಕೊಲ್ಲಬೇಕಾಗುತ್ತದೆ. ಕೊನೆಯ ಅಧ್ಯಾಯ ಬಂದಾಗ ಲೋಕದ ಓದುಗರು ಎರಡು ಪಂಗಡವಾದರು. ನನ್ನ ಮೊಮ್ಮಗಳ ಸಿಟ್ಟು ಬೇರೆ ಬಗೆಯದು. "ತಾತ, ಅಂಥಾ ಗಟ್ಟಿ ಮನುಷ್ಯಾನ್ನ ಕಡೀಕ ಹೆಣ್ಣಿನ ಸಲುವಾಗಿ ಅಳಿಸಿಬಿಟ್ಟನಲ್ಲ, ಅದು ಸರಿಯೇನು?" ಎಂದಳು.

ನಾನು ಅವಳಿಗೆ ರನ್ನನ 'ಗದಾಯುದ್ಧ'ವನ್ನು ನೆನಪಿಸಿದೆ. ರನ್ನನ ದುರ್ಯೋಧನನೂ ಅಳುತ್ತಾನೆ. ರಣರಂಗದಲ್ಲಿ ತಮ್ಮನ, ಮಗನ, ಕರ್ಣನ ಹೆಣಗಳ ಮುಂದೆ ಗೋಳಿಡುತ್ತಾನೆ. ಭೀಷ್ಮರು ಸಂಧಿ ಮಾಡಿಕೊ ಎಂದರೆ ಒಲ್ಲೆನೆನ್ನುತ್ತಾನೆ. ಸತ್ತವರನ್ನು ಮರೆತು ಬಾಳಲಾರೆನೆಂಬುದು ಅವನ ಛಲ. ಕವಿಗೆ ಅವನಲ್ಲಿ ಎಷ್ಟು ಮರುಕ! ಆದರೂ ತೊಡೆ ಮುರಿಯುವುದನ್ನು ರನ್ನ ತಪ್ಪಿಸಲಿಲ್ಲ. ಬಂದು ಯಾರೂ ಅವನಿಗೆ, ನಮಗಾಗಿ ಇಷ್ಟು ಜನರನ್ನು ಕೊಲ್ಲಿಸಿದೆಯಲ್ಲ, ಉಪಕಾರವಾಯಿತು ಎನ್ನಲಿಲ್ಲ. ಮರುಗುವುದು ಬೇರೆ, ಮನ್ನಿಸುವುದು ಬೇರೆ. ಎರೆನ್ ಅತ್ತದ್ದು ದೋಷವಲ್ಲ. ಅವನ ಗೆಳೆಯ ಆರ್ಮಿನ್ ಅಂಥ ಕೊಲೆಗಾಗಿ ಅವನಿಗೆ ಕೃತಜ್ಞತೆ ಹೇಳಿದನಲ್ಲ, ಅದು ದೋಷ. ಸತ್ತ ಎಂಟು ಪಾಲಿನವರ ಪರವಾಗಿ ಆ ಮಾತನ್ನು ಹೇಳುವ ಅಧಿಕಾರ ಅವನಿಗೆ ಯಾರು ಕೊಟ್ಟರು?

ಇಲ್ಲೊಂದು ಸಂಗತಿಯನ್ನು ನನ್ನ ಮಿತ್ರರು ಗಮನಿಸಬೇಕು. ಆ ಮಾತಿನ ಮೇಲೆ ಓದುಗರು ಸಿಟ್ಟಾದರು, ವಾದ ಹೂಡಿದರು. 2023ರಲ್ಲಿ ಆ ಕತೆಯ ಚಲಿಸುವ ಚಿತ್ರರೂಪ ಮುಗಿದಾಗ ಆ ಸಂಭಾಷಣೆ ಬದಲಾಗಿತ್ತು. ಅಲ್ಲಿ ಆರ್ಮಿನ್ ಉಪಕಾರ ಹೇಳುವುದಿಲ್ಲ. ಆ ಪಾಪದಲ್ಲಿ ನನಗೂ ಪಾಲಿದೆ, ನರಕಕ್ಕೆ ನಾನೂ ಜೊತೆಗೆ ಬರುತ್ತೇನೆ ಎನ್ನುತ್ತಾನೆ. ಲೆಕ್ಕ ಮತ್ತೆ ತೆರೆಯಿತು. 'ಕೆಲಸವಿಲ್ಲದವರು' ತಾಸುಗಟ್ಟಲೆ ಆಡಿದ್ದು ಇದೇ ಜಗಳ!

ಇನ್ನು ಪರದೇಶದ್ದೆಂಬ ಆರೋಪ. ಬೇತಾಳನದೇ ಒಂದು ಕತೆಯಲ್ಲಿ ತಲೆಗಳು ಅದಲುಬದಲಾಗುತ್ತವೆ. ಗಂಡನ ತಲೆ ಯಾರಿಗಿದೆಯೋ ಅವನೇ ಗಂಡನೆಂದು ರಾಜ ತೀರ್ಪು ಕೊಡುತ್ತಾನೆ. 1940ರಲ್ಲಿ ಜರ್ಮನ್ ಲೇಖಕ ಥಾಮಸ್ ಮನ್ ಆ ತೀರ್ಪಿಗೆ ತೃಪ್ತನಾಗದೆ ಕತೆಯನ್ನು ಮುಂದುವರಿಸಿದ. ಅಲ್ಲಿಂದ ಅದು ಗಿರೀಶ ಕಾರ್ನಾಡರ ಕೈಗೆ ಬಂದು, 1971ರಲ್ಲಿ 'ಹಯವದನ'ವಾಯಿತು. ರಾಜನ ಉತ್ತರದ ಮರುದಿನ ಆ ಹೆಣ್ಣಿನ ಮನೆಯಲ್ಲಿ ಏನಾಯಿತೆಂದು ಕಾರ್ನಾಡರು ಕೇಳಿದರು. ಬೆಲೆ ಎಷ್ಟೆಂದು ತೋರಿಸಿದರು. ನಮ್ಮ ಕತೆ ಜರ್ಮನಿಗೆ ಹೋಗಿ ಬರಬಹುದಾದರೆ ಜಪಾನಿನ ಕತೆ ಜಾಲಹಳ್ಳಿಯ ಪಡಸಾಲೆಗೆ ಬರಬಾರದೇ?

ರಾಕ್ಷಸರು, ರಕ್ತ ಎನ್ನುವಿರಿ. ಬಯಲಾಟದಲ್ಲಿ ದುಶ್ಯಾಸನನ ವಧೆಯಾಗುವಾಗ ನಮ್ಮ ಮಿತ್ರರು ಎಂದೂ ಎದ್ದು ಹೋದದ್ದನ್ನು ನಾನು ಕಂಡಿಲ್ಲ. ಆದರೂ ಒಂದು ಮಾತು ಒಪ್ಪುತ್ತೇನೆ: ಎಲ್ಲ ಪುಸ್ತಕವೂ ಎಲ್ಲ ವಯಸ್ಸಿನವರಿಗಲ್ಲ. ಇಸಾಯಾಮಾನ ಕತೆಯನ್ನು ಮೂರನೆಯ ತರಗತಿಯ ಮಗುವಿಗೆ ಕೊಡಬಾರದು. ಇನ್ನು ಕೆಲವು ಪುಸ್ತಕಗಳನ್ನು ಯಾರಿಗೂ ಕೊಡಬೇಕಾಗಿಲ್ಲ. ನಾಯಕ ಲಾರಿಗೆ ಸಿಕ್ಕು ಸಾಯುತ್ತಾನೆ; ಬೇರೆ ಲೋಕದಲ್ಲಿ ಹುಟ್ಟುತ್ತಾನೆ; ಹುಟ್ಟುತ್ತಲೇ ಎಲ್ಲ ಶಕ್ತಿಯೂ ಕೈವಶ. ಕೊಟ್ಟದ್ದಿಲ್ಲ, ಕಳೆದದ್ದಿಲ್ಲ. ಇಂಥ ಕತೆ ಮುಗಿದ ಮೇಲೆ ಬೇತಾಳನಿಗೆ ಕೇಳಲು ಪ್ರಶ್ನೆಯೇ ಉಳಿಯುವುದಿಲ್ಲ. ಬೇಡವೆನ್ನುವುದಾದರೆ ಇವನ್ನು ಬೇಡವೆನ್ನಿ. ಆದರೆ ಹಾಗೆನ್ನಲು ಮೊದಲು ಓದಬೇಕು!

ಕಡೆಗೆ ನನ್ನದೂ ಒಂದು ಲೆಕ್ಕವಿದೆ. ನಾನು ಹೊಸದಾಗಿ ಮಾಸ್ತರಿಕೆಗೆ ಸೇರಿದ ವರ್ಷ, ಪಾಠದ ನಡುವೆ 'ಚಂದಮಾಮ' ಓದುತ್ತಿದ್ದ ಹುಡುಗನೊಬ್ಬನಿಂದ ಅದನ್ನು ಕಿತ್ತು ಹರಿದುಹಾಕಿದೆ. ಅವನು ಅಳಲಿಲ್ಲ. "ಸಾರ್, ರಾಜ ಏನಂದ ಅಂತ ಅಷ್ಟ ಹೇಳ್ರಿ" ಎಂದ. ನನಗೆ ಆ ಕತೆ ಗೊತ್ತಿತ್ತು. ಹೇಳಲಿಲ್ಲ. ನನ್ನ ತಲೆಯೇನೂ ಹೋಳಾಗಲಿಲ್ಲ. ಆದರೆ ಆ ಹುಡುಗ ಮತ್ತೆ ನನ್ನನ್ನು ಯಾವ ಪ್ರಶ್ನೆಯನ್ನೂ ಕೇಳಲಿಲ್ಲ.

ಆದ್ದರಿಂದ ಮಿತ್ರರಲ್ಲಿ ನನ್ನ ಬಿನ್ನಹವಿಷ್ಟೇ. ಮಕ್ಕಳ ಕೈಯಿಂದ ಪುಸ್ತಕ ಕಿತ್ತುಕೊಳ್ಳುವ ಮೊದಲು, ಅದರಲ್ಲಿ ತಪ್ಪು ಯಾರದೆಂದು ಅವರನ್ನೇ ಕೇಳಿ. ಆಮೇಲೆ ಕುಳಿತು ಜಗಳವಾಡಿ. ನನ್ನ ಮನೆಯಲ್ಲಂತೂ ಜಗಳ ಇನ್ನೂ ಮುಗಿದಿಲ್ಲ. ಎರೆನ್‌ಗೆ ಬೇರೆ ದಾರಿಯಿರಲಿಲ್ಲವೆಂದು ಹುಡುಗಿ ಹಟ ಹಿಡಿದಿದ್ದಾಳೆ, ಇತ್ತೆಂದು ನಾನು. ದಸರೆಯ ರಜೆಗೆ ಅವಳು ಮತ್ತೆ ಬರುತ್ತಾಳೆ.