ಜೀನ್ ಗ್ರೇಗೆ ಮೂರನೇ ದಾರಿ ಯಾಕಿಲ್ಲ?

ಹೆಣ್ಣಿನ ಕೈಗೆ ಅಧಿಕಾರ ಕೊಟ್ಟರೆ ತಲೆ ತಿರುಗುತ್ತದೆ ಎನ್ನುವವರು ನಮ್ಮ ಅರಳಿಕಟ್ಟೆಯಲ್ಲಷ್ಟೇ ಇಲ್ಲ, ಅಮೆರಿಕದ ಕಾಮಿಕ್ಸ್ ಲೋಕದಲ್ಲೂ ಇದ್ದಾರೆ. ಮಾರ್ವೆಲ್‌ನ ‘ಎಕ್ಸ್-ಮೆನ್’ ತಂಡದ ಜೀನ್ ಗ್ರೇ ಇದಕ್ಕೆ ಸಾಕ್ಷಿ.

ಸ್ಟ್ಯಾನ್ ಲೀ ಮತ್ತು ಜ್ಯಾಕ್ ಕರ್ಬಿ 1963ರಲ್ಲಿ ಆಕೆಯನ್ನು ಸೃಷ್ಟಿಸಿದಾಗ ಐವರು ವಿದ್ಯಾರ್ಥಿಗಳ ತಂಡದಲ್ಲಿ ಇದ್ದ ಒಬ್ಬಳೇ ಹುಡುಗಿ ಆಕೆ. ಹೆಸರು ‘ಮಾರ್ವೆಲ್ ಗರ್ಲ್’. ಮನಸ್ಸಿನಿಂದಲೇ ವಸ್ತುಗಳನ್ನು ಅಲುಗಾಡಿಸಬಲ್ಲವಳು. ಇತರರ ಮನಸ್ಸನ್ನು ಓದುವ ಶಕ್ತಿಯೂ ಬಾಲ್ಯದಿಂದಲೇ ಇತ್ತು, ಆದರೆ ಗುರು ಪ್ರೊಫೆಸರ್ ಝೇವಿಯರ್ ಅದಕ್ಕೆ ಬೀಗ ಹಾಕಿದ್ದರು ಎಂದು ನಂತರದ ಕತೆಗಳು ಹೇಳಿದವು. ಕಾರಣ? ‘ನಿನ್ನ ಒಳ್ಳೆಯದಕ್ಕೇ’. ಈ ಮಾತು ಕೇಳದೆ ಬೆಳೆದ ಹುಡುಗಿ ನಮ್ಮಲ್ಲಿ ಯಾರಿದ್ದಾರೆ ಹೇಳಿ!

1976ರಲ್ಲಿ ಆಕೆ ‘ಫೀನಿಕ್ಸ್’ ಆದಳು. 1980ರ ‘ಡಾರ್ಕ್ ಫೀನಿಕ್ಸ್’ ಸರಣಿಯಲ್ಲಿ ಒಂದು ನಕ್ಷತ್ರವನ್ನೇ ನುಂಗಿದಳು. ಅದನ್ನು ಸುತ್ತುತ್ತಿದ್ದ ಗ್ರಹದ 500 ಕೋಟಿ ಜೀವಗಳು ನಾಶವಾದವು. ‘ನೋಡಿ, ಶಕ್ತಿ ತಡೆದುಕೊಳ್ಳಲಾಗಲಿಲ್ಲ’ ಎನ್ನುವವರು ಒಂದು ಸಂಗತಿ ಮರೆಯುತ್ತಾರೆ. ಮಾಸ್ಟರ್‌ಮೈಂಡ್ ಎಂಬ ಪುರುಷ ತನ್ನ ಲಾಭಕ್ಕಾಗಿ ಆಕೆಯ ಮನಸ್ಸಿನೊಳಗೆ ನುಗ್ಗಿ, ಸುಳ್ಳು ಬದುಕೊಂದನ್ನು ತೋರಿಸಿ ದಾರಿ ತಪ್ಪಿಸಿದ್ದ. ಪತನ ಶುರುವಾದದ್ದು ಅಲ್ಲಿಂದ. ಹಾಗೆಂದು ಆ ಸಾವುಗಳ ಹೊಣೆ ಆಕೆಯದಲ್ಲ ಎಂದು ನಾನು ಹೇಳುತ್ತಿಲ್ಲ. ಆಮೇಲೆ ಏನಾಯಿತು ಎಂಬುದೇ ನನ್ನ ತಕರಾರು.

ಲೇಖಕ ಕ್ಲೇರ್‌ಮಾಂಟ್ ಮತ್ತು ಚಿತ್ರಕಾರ ಬೈರ್ನ್ ಮೊದಲು ಯೋಚಿಸಿದ್ದು ಶಕ್ತಿ ಕಿತ್ತುಕೊಂಡು ಆಕೆಯನ್ನು ಬದುಕಿಸುವ ಅಂತ್ಯ. ಇಷ್ಟು ದೊಡ್ಡ ಪಾತಕಕ್ಕೆ ಅಷ್ಟು ಸಣ್ಣ ಶಿಕ್ಷೆ ಸಾಲದು ಎಂದರು ಸಂಪಾದಕ ಜಿಮ್ ಶೂಟರ್. ಜೀನ್ ಚಂದ್ರನ ಮೇಲೆ ತನ್ನ ಅಂತ್ಯವನ್ನು ತಾನೇ ಆರಿಸಿಕೊಂಡಳು. ಅಂದರೆ ಇದ್ದದ್ದು ಎರಡೇ ದಾರಿ: ಶಕ್ತಿ ಕಳೆದುಕೊ, ಇಲ್ಲವೇ ಸಾಯಿ. 2006ರ ಸಿನಿಮಾದಲ್ಲಂತೂ ಆ ಕೊನೆಯ ಕ್ಷಣವೂ ಆಕೆಯ ಕೈಯಲ್ಲಿರಲಿಲ್ಲ, ವುಲ್ವರಿನ್‌ನ ಉಗುರುಗಳಲ್ಲಿತ್ತು.

ಅದೇ ಕತೆಗಳ ಮ್ಯಾಗ್ನೆಟೋನನ್ನು ನೋಡಿ. ಸೋವಿಯತ್ ಜಲಾಂತರ್ಗಾಮಿಯೊಂದನ್ನು ಸಿಬ್ಬಂದಿ ಸಮೇತ ಮುಳುಗಿಸಿದವನು ಆತ. ಆದರೂ 1985ರಲ್ಲಿ ಝೇವಿಯರ್ ಶಾಲೆಯ ಮುಖ್ಯಸ್ಥನ ಸ್ಥಾನ ಸಿಕ್ಕಿತು, ಶಕ್ತಿಯೂ ಉಳಿಯಿತು. ಸತ್ತವರ ಸಂಖ್ಯೆಯಲ್ಲಿ ಹೋಲಿಕೆಯಿಲ್ಲ, ಒಪ್ಪುತ್ತೇನೆ. ಆದರೆ ಪಶ್ಚಾತ್ತಾಪಪಟ್ಟು, ಶಕ್ತಿಯೊಂದಿಗೇ ಬದುಕುತ್ತಾ ತಿದ್ದಿಕೊಳ್ಳುವ ಮೂರನೇ ದಾರಿ ಆತನಿಗೆ ತೆರೆಯಿತು, ಆಕೆಗೆ ತೆರೆಯಲಿಲ್ಲ.

1986ರಲ್ಲಿ ಜೀನ್ ಮರಳಿ ಬಂದಳು, ನಿಜ. ಆದರೆ ಹೇಗೆ? ನಕ್ಷತ್ರ ನುಂಗಿದ್ದು ಆಕೆಯ ರೂಪ ತಾಳಿದ್ದ ಬೇರೊಂದು ಶಕ್ತಿಯಂತೆ. ನಿಜವಾದ ಜೀನ್ ಅಷ್ಟೂ ಕಾಲ ನೀರಿನಡಿ ನಿದ್ದೆಯಲ್ಲಿದ್ದಳಂತೆ! ಅಭಿಮಾನಿಗಳಿಗೆ ಖುಷಿಯಾಗಿರಬಹುದು. ನನಗಂತೂ ಇದು ಝೇವಿಯರ್ ಹಾಕಿದ ಬೀಗದಂಥದ್ದೇ ಇನ್ನೊಂದು ಬೀಗ. ಮೊದಲು ಶಕ್ತಿಯನ್ನು ಕಸಿದರು, ಆಮೇಲೆ ಹೊಣೆಯನ್ನೂ ಕಸಿದರು.

ಹೆಣ್ಣುಮಕ್ಕಳನ್ನು ದೇವಿಯಾಗಿಸುವುದು ಸುಲಭ, ಮಾರಿಯಾಗಿಸುವುದು ಇನ್ನೂ ಸುಲಭ. ಎಡವಿದರೂ ಎದ್ದು, ತನ್ನ ತಪ್ಪನ್ನು ತನ್ನದೆಂದು ಒಪ್ಪಿ, ಮತ್ತೆ ಕೆಲಸಕ್ಕೆ ನಿಲ್ಲುವ ಮನುಷ್ಯಳಾಗಿ ಕಾಣುವುದೇ ಕಷ್ಟ. ನಮಗೆ ಬೇಕಿರುವ ಸೂಪರ್‌ಹೀರೊ ಅಂಥವಳು.