ತೀರ್ಮಾನಕ್ಕೆ ಮೈಯ ಸಾಕ್ಷಿ ಬೇಕೇ?

ಪರ

ಲೆಕ್ಕ, ಮಾತು, ನೆನಪು ಎಲ್ಲ ನೆಟ್ಟಗಿದ್ದೂ ತೀರ್ಮಾನ ಮಾತ್ರ ಕೈಗೂಡದೆ ಹೋಗಬಹುದು. ಮಿದುಳಿನಲ್ಲಿ ಹಣೆಯ ಹಿಂದಿನ ಕೆಳಭಾಗಕ್ಕೆ ಹಾನಿಯಾದವರಲ್ಲಿ ನರವಿಜ್ಞಾನಿ ಆಂಟೋನಿಯೊ ಡಮಾಸಿಯೊ ಕಂಡದ್ದು ಇದನ್ನೇ. ಅಂಥ ಒಬ್ಬ ರೋಗಿಗೆ ಮುಂದಿನ ಭೇಟಿಗೆಂದು ಎರಡು ದಿನಾಂಕ ಕೊಟ್ಟರೆ, ಆತ ಡೈರಿ ತೆರೆದು, ಬೇರೆ ಕೆಲಸ, ಹವಾಮಾನ ಎಂದೆಲ್ಲ ಸುಮಾರು ಅರ್ಧ ಗಂಟೆ ತೂಗಿ ನೋಡಿದ. ಎರಡನೆಯ ದಿನವೇ ಬನ್ನಿ ಎಂದು ವೈದ್ಯರೇ ಹೇಳಿದಾಗ ತಕರಾರಿಲ್ಲದೆ ಒಪ್ಪಿಕೊಂಡ. ತರ್ಕಕ್ಕೇನೂ ಕೊರತೆಯಿರಲಿಲ್ಲ, ಇಷ್ಟು ಸಾಕು ಎಂದು ಅನ್ನಿಸುವುದೇ ನಿಂತುಹೋಗಿತ್ತು.

ಹಿಂದಿನ ಲಾಭ-ನಷ್ಟಗಳು ಮೈಯಲ್ಲಿ ಗುರುತು ಬಿಡುತ್ತವೆ, ಅಂಥದೇ ಆಯ್ಕೆ ಎದುರಾದಾಗ ಎದೆಬಡಿತವಾಗಿ, ಬೆವರಾಗಿ, ಹೊಟ್ಟೆಯ ಕಸಿವಿಸಿಯಾಗಿ ಮರಳಿ ಎಚ್ಚರಿಸುತ್ತವೆ ಎಂಬುದು ಡಮಾಸಿಯೊ ವಾದ. ಇದನ್ನು ಪರೀಕ್ಷಿಸಲು ಅಯೋವಾದಲ್ಲಿ ನಾಲ್ಕು ಇಸ್ಪೀಟು ಕಟ್ಟುಗಳ ಆಟ ಹೂಡಲಾಯಿತು. ಎರಡು ಕಟ್ಟುಗಳಲ್ಲಿ ಎಲೆಗೆ 100 ಡಾಲರ್ ಆಟದ ಹಣ, ನಡುನಡುವೆ ಭಾರಿ ದಂಡ; ಉಳಿದೆರಡರಲ್ಲಿ 50 ಡಾಲರ್, ದಂಡವೂ ಸಣ್ಣದು. 1997ರ ವರದಿಯಂತೆ, ಹತ್ತನೆಯ ಎಲೆಯ ಹೊತ್ತಿಗೇ ಭಾರಿ ದಂಡದ ಕೆಟ್ಟ ಕಟ್ಟಿಗೆ ಕೈಹಾಕುವ ಮುನ್ನ ಆರೋಗ್ಯವಂತರ ಅಂಗೈ ಬೆವರತೊಡಗಿತು. ಏನೋ ಎಡವಟ್ಟಿದೆ ಎಂದು ಅವರು ಬಾಯಿಬಿಟ್ಟು ಹೇಳಿದ್ದು 50ನೆಯ ಎಲೆಯ ಸುಮಾರಿಗೆ. ಮಿದುಳಿಗೆ ಹಾನಿಯಾದವರ ಅಂಗೈ ಹೀಗೆ ಮುಂಚಿತವಾಗಿ ಬೆವರಲಿಲ್ಲ. ಯಾವ ಕಟ್ಟು ಕೆಟ್ಟದ್ದೆಂದು ಗೊತ್ತಾದ ಮೇಲೂ ಅವರಲ್ಲಿ ಕೆಲವರು ಅದರಿಂದಲೇ ಎಲೆ ಎತ್ತಿದರು. ಈ ವಾದಕ್ಕೆ ಸಿಕ್ಕಿರುವ ಅತಿ ಗಟ್ಟಿ ಪುರಾವೆ ಇದೇ.

ವಿರೋಧ

ಬೆವರು ಮೊದಲು, ಅರಿವು ಆಮೇಲೆ ಎನ್ನುವುದೇ ಅನುಮಾನದ ಮಾತು. 2004ರಲ್ಲಿ ಟಿಯಾಗೊ ಮಾಯಾ ಮತ್ತು ಜೇಮ್ಸ್ ಮೆಕ್‌ಕ್ಲೆಲ್ಯಾಂಡ್ ಇದೇ ಆಟದ ನಡುವೆ ಇನ್ನಷ್ಟು ಬಿಡಿಸಿ ಪ್ರಶ್ನೆ ಕೇಳಿದರು. ಒಳ್ಳೆಯ ಕಟ್ಟನ್ನು ಆರಿಸುತ್ತಿದ್ದವರು ಬಹುಮಟ್ಟಿಗೆ ಅದಕ್ಕೆ ಕಾರಣವನ್ನೂ ಹೇಳಬಲ್ಲವರಾಗಿದ್ದರು. ಬೆನ್ನುಹುರಿಗೆ ಪೆಟ್ಟಾಗಿ ಮೈಯಿಂದ ಬರುವ ಸುದ್ದಿ ಬಹಳಷ್ಟು ಕಡಿದುಹೋದವರೂ ಈ ಆಟವನ್ನು ಉಳಿದವರಂತೆಯೇ ಆಡಿದ್ದಾರೆ. ಮಿದುಳು ಮೈಯ ಸ್ಥಿತಿಯನ್ನು ತಾನೇ ಅನುಕರಿಸಿಕೊಳ್ಳಬಲ್ಲದು ಎಂಬ ಸಮಜಾಯಿಷಿ ಡಮಾಸಿಯೊ ಸಿದ್ಧಾಂತದಲ್ಲಿದೆ. ಆದರೆ ಅದನ್ನು ಒಪ್ಪಿದರೆ ಮೈಯ ಪಾತ್ರವನ್ನು ಪರೀಕ್ಷಿಸುವುದೇ ಕಷ್ಟ.

ಬಾಬಾ ಶಿವ್ ಮತ್ತು ಸಂಗಡಿಗರು 2005ರಲ್ಲಿ ಪ್ರಕಟಿಸಿದ ನಾಣ್ಯದಾಟ ಇನ್ನೂ ಮುಜುಗರದ್ದು. 20 ಸುತ್ತು; ಪ್ರತಿ ಸುತ್ತಿನಲ್ಲೂ ಒಂದು ಡಾಲರ್ ಉಳಿಸಿಕೊಳ್ಳಬಹುದು ಇಲ್ಲವೇ ಹೂಡಬಹುದು. ಗೆದ್ದರೆ ಎರಡೂವರೆ ಡಾಲರ್, ಸೋತರೆ ಹೂಡಿದ್ದೂ ಹೋಯಿತು. ಸರಾಸರಿ ಲೆಕ್ಕದಲ್ಲಿ ಪ್ರತಿ ಬಾರಿಯೂ ಹೂಡುವುದೇ ಲಾಭ. ಆರೋಗ್ಯವಂತರು ಸೋತೊಡನೆ ಹಿಂಜರಿದರು. ಭಾವನೆಗೆ ಸಂಬಂಧಿಸಿದ ಭಾಗಗಳಿಗೆ ಹಾನಿಯಾದವರು ಹೂಡುತ್ತಲೇ ಹೋಗಿ ಹೆಚ್ಚು ಗಳಿಸಿದರು. ಇಸ್ಪೀಟಿನಲ್ಲಿ ಮುಗ್ಗರಿಸಿದ್ದೂ ಇಂಥವರೇ. ಅಲ್ಲಿ ಅಪಾಯ ಯಾವ ಕಟ್ಟಿನಲ್ಲಿದೆ ಎಂಬುದನ್ನು ಸೋತೇ ಕಲಿಯಬೇಕಿತ್ತು. ಇಲ್ಲಿ ನಿಯಮ ಮೊದಲೇ ತಿಳಿದಿತ್ತು, ಒಂದು ಸೋಲಿನಿಂದ ಕಲಿಯುವಂಥದ್ದೇನೂ ಇರಲಿಲ್ಲ.