ಇಪ್ಪತ್ತೇಳು ರೂಪಾಯಿಯ ಬಿಟ್ಟಿ ಭಾಗ್ಯ

ಈಚೆಗೆ ಹೊಸಪೇಟೆಯಲ್ಲಿ ಒಂದು ವಿಚಾರ ಸಂಕಿರಣಕ್ಕೆ ಹೋಗಿದ್ದೆ. ವಿಷಯ: ಸಾರ್ವಜನಿಕ ಹಣಕಾಸು ಮತ್ತು ಜನರ ಆರ್ಥಿಕ ವರ್ತನೆ. ಹೆಸರು ಕೇಳಿದರೇ ಆಕಳಿಕೆ ಬರುವಂಥದ್ದು. ಆದರೆ ಊಟಕ್ಕೆ ಮುಂಚಿನ ಗೋಷ್ಠಿಯಲ್ಲಿ ನನ್ನ ನಿದ್ದೆ ಹಾರಿಹೋಯಿತು. ಪ್ರಬಂಧ ಮಂಡಿಸಿದವರು ಹೇಳಿದ್ದಿಷ್ಟು: ಅಕ್ಕಿ ಪುಕ್ಕಟೆ, ಬಸ್ಸು ಪುಕ್ಕಟೆ, ಮನೆಯೊಡತಿಗೆ ತಿಂಗಳಿಗೆ 2,000 ರೂಪಾಯಿ, ಹೀಗಾದರೆ ಇನ್ನು ಕೂಲಿಗೆ ಯಾರು ಬರುತ್ತಾರೆ? ಸಭೆ ತಲೆದೂಗಿತು. ಕಂಪ್ಲಿ ಕಡೆ ಭತ್ತದ ಗದ್ದೆಗೆ ಆಳೇ ಸಿಗುತ್ತಿಲ್ಲ ಎಂದು ಹಿಂದಿನ ಸಾಲಿನಿಂದ ಯಾರೋ ದನಿಗೂಡಿಸಿದರು.

ಎಂ.ಎ. ಓದುವ ಹುಡುಗಿಯೊಬ್ಬಳು ಎದ್ದು ನಿಂತಳು. “ಸರ್, ಗಣಿ ಮಾಲೀಕರ ವರ್ತನೆ ಬಗ್ಗೆ ಯಾರಾದ್ರೂ ಹಿಂಗೇ ಸರ್ವೆ ಮಾಡ್ಯಾರಾ?”

“ಅದು ನನ್ನ ವಿಷಯ ಅಲ್ಲಮ್ಮ” ಎಂದು ಅವರು ನಕ್ಕರು. ಸಭೆಯೂ ನಕ್ಕಿತು. ಆ ನಗು ನನಗೆ ಇನ್ನೂ ಅರಗಿಲ್ಲ.

ಸಂಡೂರಿನ ಬೆಟ್ಟಸಾಲು ಇಷ್ಟು ಹತ್ತಿರವಿರುವ ಊರಲ್ಲಿ ನಿಂತು ಹಣಕಾಸಿನ ಮಾತಾಡುವವರಿಗೆ ಗಣಿ ವಿಷಯವಲ್ಲದಿದ್ದರೆ ಇನ್ನಾರಿಗೆ ವಿಷಯ? ಸರ್ಕಾರ ಕೊಟ್ಟರೂ ಕಿತ್ತುಕೊಂಡರೂ ಮನುಷ್ಯ ತನ್ನ ನಡೆಯನ್ನು ಬದಲಿಸುತ್ತಾನೆ ಎಂಬುದು ಈ ಶಾಸ್ತ್ರದ ಅ ಆ ಇ ಈ. ಒಪ್ಪೋಣ. ಆದರೆ ಅಳೆಯುವ ಕೋಲನ್ನು ರೇಷನ್ ಅಂಗಡಿಯ ಮುಂದೆ ನಿಂತವಳಿಗೆ ಮಾತ್ರ ಹಿಡಿದು, ಬೆಟ್ಟದ ಕಡೆ ತಿರುಗುವಾಗ ಕಂಕುಳಲ್ಲಿ ಮುಚ್ಚಿಟ್ಟುಕೊಂಡರೆ ಅದನ್ನು ಸಂಶೋಧನೆ ಎಂದು ಕರೆಯಲು ನನಗೆ ಬಾಯಿ ಬರುವುದಿಲ್ಲ.

ಬೆಟ್ಟದ ಲೆಕ್ಕ ಇದು. 2009ರ ಆಗಸ್ಟ್‌ವರೆಗೆ ಕಬ್ಬಿಣದ ಅದಿರಿನ ರಾಜಧನ ಬೆಲೆಗೆ ತಕ್ಕಂತೆ ಇರಲಿಲ್ಲ, ಟನ್ನಿಗೆ ಇಷ್ಟು ರೂಪಾಯಿ ಎಂದಿತ್ತು. ಅತ್ಯುತ್ತಮ ದರ್ಜೆಯ ಅದಿರಿಗೂ ಟನ್ನಿಗೆ 27 ರೂಪಾಯಿ. ಆ ಹೊತ್ತಿಗೆ ಚೀನಾದ ಉಕ್ಕಿನ ಕುಲುಮೆಗಳ ಹಸಿವಿನಿಂದ ಅದಿರಿನ ಬೆಲೆ ಟನ್ನಿಗೆ ಸಾವಿರಾರು ರೂಪಾಯಿಗೆ ಏರಿತ್ತು. ಮೂರು ಸಾವಿರ ಎಂದೇ ಇಟ್ಟುಕೊಳ್ಳಿ. ರೂಪಾಯಿಗೆ ಒಂದು ಪೈಸೆಯೂ ನೆಲದ ಒಡೆಯನಾದ ರಾಜ್ಯಕ್ಕೆ ಬರಲಿಲ್ಲ. ದರ ಗೊತ್ತುಮಾಡುವುದು ಕೇಂದ್ರ, ವಸೂಲಿ ಮಾಡುವುದು ರಾಜ್ಯ. ಮೂರು ವರ್ಷಕ್ಕೆ ಒಂದಕ್ಕಿಂತ ಹೆಚ್ಚು ಸಲ ದರ ಏರಿಸಬಾರದೆಂದು ಗಣಿ ಕಾಯ್ದೆಯೇ ಹೇಳುತ್ತದೆ. ಬೆಲೆ ಕುದುರೆಯ ಮೇಲೆ ಹೋಯಿತು, ರಾಜಧನ ಎತ್ತಿನ ಗಾಡಿಯಲ್ಲಿ ಕೂತಿತು.

ಇದರಿಂದ ವರ್ತನೆ ಹೇಗೆ ಬದಲಾಯಿತು ಎಂಬುದೇ ಪ್ರಶ್ನೆಯಲ್ಲವೇ? ಅಗೆದಷ್ಟೂ ಲಾಭ ಅಗೆದವನಿಗೇ ಉಳಿಯುವಾಗ ಗಡಿಕಲ್ಲು ದಾಟುವುದು, ಕಾಡಿನೊಳಕ್ಕೆ ನುಗ್ಗುವುದು, ಪರ್ಮಿಟ್‌ನಲ್ಲಿ ಬರೆದದ್ದಕ್ಕಿಂತ ಹೆಚ್ಚು ತುಂಬಿ ಕಳಿಸುವುದು ಎಲ್ಲವೂ ಗಿಟ್ಟುವ ವ್ಯವಹಾರ. ತಡೆಯಬೇಕಾದವರ ಕೈ ಬೆಚ್ಚಗೆ ಮಾಡಿದ ಮೇಲೂ ಗಿಟ್ಟುತ್ತದೆ. ಇತ್ತ ಸರ್ಕಾರಕ್ಕೋ, ಟನ್ನಿಗೆ 27 ರೂಪಾಯಿ ಬರುವಾಗ ಲಾರಿ ಎಣಿಸುವವನ ಸಂಬಳದ ಚಿಂತೆಯೇ ದೊಡ್ಡದು. ದುರಾಸೆ, ದುರಾಸೆ ಎಂದು ನಾವು ಬರೆದೂ ಬರೆದೂ ಸುಸ್ತಾದೆವು. ದುರಾಸೆ ಎಲ್ಲ ಕಾಲದಲ್ಲೂ ಇತ್ತು. ಅದಕ್ಕೆ ರತ್ನಗಂಬಳಿ ಹಾಸಿದ್ದು ಈ ದರಪಟ್ಟಿ. 2011ರ ಜುಲೈನಲ್ಲಿ ಲೋಕಾಯುಕ್ತ ಸಂತೋಷ್ ಹೆಗ್ಡೆಯವರು ವರದಿ ಕೊಟ್ಟಾಗ ಬೊಕ್ಕಸಕ್ಕಾದ ನಷ್ಟದ ಅಂದಾಜು 16,085 ಕೋಟಿ ರೂಪಾಯಿ. ಅದೇ ತಿಂಗಳ 29ರಂದು ಸುಪ್ರೀಂ ಕೋರ್ಟ್ ಬಳ್ಳಾರಿಯ ಗಣಿಗಾರಿಕೆಯನ್ನು ನಿಲ್ಲಿಸಿತು.

ಸಣ್ಣವರೂ ವರ್ತನೆ ಬದಲಿಸಿದರು, ಸುಳ್ಳೇಕೆ ಹೇಳಲಿ. ಜೋಳ ಬೆಳೆಯುತ್ತಿದ್ದ ಪಟ್ಟಾ ಹೊಲಗಳನ್ನು ಅದಿರಿಗಾಗಿ ಅಗೆಯಲು ಬಿಟ್ಟರು. ನನ್ನ ಅಣ್ಣ 2008ರಲ್ಲಿ ಸಾಲ ಮಾಡಿ ಲಾರಿ ಕೊಂಡ. ಮೂರು ವರ್ಷ ಮನೆಯೊಳಗೆಲ್ಲ ಕೆಂಪು ಧೂಳು, ಅವ್ವನ ಬಿಳಿ ಸೀರೆ ಒಗೆದರೂ ಕೆಂಪು. ಗಣಿ ನಿಂತಿತು, ಕಂತು ನಿಲ್ಲಲಿಲ್ಲ. ಫೈನಾನ್ಸಿನವರು ಬಂದು ಲಾರಿ ಹೊಡಕೊಂಡು ಹೋದ ದಿನ ಅಣ್ಣ ಟೈರಿಗೆ ಕಟ್ಟಿದ್ದ ನಿಂಬೆಹಣ್ಣು ಬಿಚ್ಚಿಟ್ಟುಕೊಂಡಿದ್ದ. ತಪ್ಪು ದರದ ಫಲ ಯಾರಿಗೆ, ಶಿಕ್ಷೆ ಯಾರಿಗೆ ಎಂದು ಯಾವ ಪ್ರಬಂಧವೂ ನಮ್ಮನೆಗೆ ಬಂದು ಕೇಳಲಿಲ್ಲ.

2009ರ ಆಗಸ್ಟ್‌ನಲ್ಲಿ ರಾಜಧನ ಬೆಲೆಯ ಶೇ. 10 ಆಯಿತು, 2014ರಲ್ಲಿ ಶೇ. 15. ಕಾಗದದ ಮೇಲೆ ಒಂದು ಸಾಲು ಬದಲಾಯಿತು, ಅಷ್ಟೆ. ಅದನ್ನು ಮೊದಲೇ ಬದಲಿಸದೆ ಇದ್ದದ್ದೇ ನನ್ನ ಲೆಕ್ಕದಲ್ಲಿ ಈ ನಾಡು ಕಂಡ ದೊಡ್ಡ ಬಿಟ್ಟಿ ಭಾಗ್ಯ. ಅದಕ್ಕೆ ಫಲಾನುಭವಿಗಳ ಪಟ್ಟಿ ಇರಲಿಲ್ಲ, ಸರತಿ ಸಾಲೂ ಇರಲಿಲ್ಲ.

ರಿಯಾಯಿತಿಯೇ ಕೆಟ್ಟದ್ದು ಎಂದು ನಾನು ಹೇಳುತ್ತಿಲ್ಲ. ಹಂಪಿ ನೋಡಲು ಬರುವವರು ಕಲ್ಲಿನ ರಥ ನೋಡಿ ಹೋಗುತ್ತಾರೆ. ಹಣಕಾಸು ಓದುವವರು ಪೋರ್ಚುಗೀಸ್ ಕುದುರೆ ವ್ಯಾಪಾರಿ ನೂನಿಜ್ ಬರೆದಿಟ್ಟದ್ದನ್ನು ಓದಬೇಕು. ಇಂದಿನ ಹೊಸಪೇಟೆಯಾದ ನಾಗಲಾಪುರದ ಬಳಿ ಕೃಷ್ಣದೇವರಾಯ ದೊಡ್ಡ ಕೆರೆ ಕಟ್ಟಿಸಿ, ಅದರ ಕೆಳಗಿನ ಭೂಮಿಯನ್ನು ಒಂಬತ್ತು ವರ್ಷ ತೆರಿಗೆಯಿಲ್ಲದೆ ಬಿಟ್ಟುಕೊಟ್ಟನಂತೆ. ಜನ ಭೂಮಿ ಹಸನು ಮಾಡಿದರು, ಆಮೇಲೆ 20,000 ವರಹದ ಹುಟ್ಟುವಳಿ ಬಂತು. ರಿಯಾಯಿತಿಗೆ ಉದ್ದೇಶವೂ ಇತ್ತು, ಗಡುವೂ ಇತ್ತು. ರಾಯರನ್ನು ಹೊಗಳಿ ಮುಗಿಸೋಣವೆಂದರೆ ಅದೇ ನೂನಿಜ್ ಇನ್ನೊಂದೂ ಹೇಳುತ್ತಾನೆ: ಅದೇ ಹೊಸ ಪಟ್ಟಣದ ಹೆಬ್ಬಾಗಿಲ ಸುಂಕವನ್ನು ವರ್ಷಕ್ಕೆ 12,000 ವರಹಕ್ಕೆ ಗುತ್ತಿಗೆ ಕೊಟ್ಟಿದ್ದರು, ಗುತ್ತಿಗೆದಾರ ಕೇಳಿದಷ್ಟು ಕೊಡದೆ ಯಾರೂ ಒಳಬರುವಂತಿರಲಿಲ್ಲ. ಗುತ್ತಿಗೆದಾರರ ಕಾಟ ನಮಗೆ ಹೊಸದೇನಲ್ಲ.

ಗ್ಯಾರಂಟಿಗಳಿಗೆ ಬರೋಣ. 2024-25ರ ಬಜೆಟ್‌ನಲ್ಲಿ ಐದೂ ಗ್ಯಾರಂಟಿಗಳಿಗೆ ಇಟ್ಟದ್ದು ಸುಮಾರು 52,000 ಕೋಟಿ. ದೊಡ್ಡ ಮೊತ್ತವೇ, ಅದೂ ವರ್ಷ ವರ್ಷವೂ. ರಸ್ತೆಗೆ, ಶಾಲೆಗೆ ಏನು ಉಳಿಯಿತು ಎಂದು ಕೇಳಲೇಬೇಕು, ನಾನೂ ಕೇಳುತ್ತೇನೆ. ಆದರೆ ‘ಸೋಮಾರಿ’ ಎನ್ನುವ ಮೊದಲು ಬೆಳಗಿನ ಕಂಪ್ಲಿ ಬಸ್ಸು ಹತ್ತಿ. ಸಂಕಿರಣದ ಮರುವಾರ ನಾನು ಹತ್ತಿದ್ದೆ. ಪಕ್ಕದಲ್ಲಿ ಬುತ್ತಿಗಂಟು ಹಿಡಿದ ಹೆಂಗಸು.

“ಎಲ್ಲಿಗಕ್ಕಾ?” ಎಂದೆ.

“ಕಳೆ ತೆಗಿಯಾಕಣ್ಣ. ಮೊದ್ಲು ನಮ್ಮೂರ ಗೌಡರ ಹೊಲಕ್ಕೇ ಹೋಗ್ತಿದ್ವಿ, ಅವ್ರು ಕೊಟ್ಟಿದ್ದೇ ಕೂಲಿ. ಈಗ ಎಲ್ಲಿ ಹೆಚ್ಗಿ ಕೊಡ್ತಾರ ಅಲ್ಲಿಗೆ ಹೋಗ್ತೀವಿ.”

ಹಿಂದಿನ ಸಾಲಿನವರ ಗದ್ದೆಗೆ ಆಳು ಯಾಕೆ ಸಿಗುತ್ತಿಲ್ಲ ಎಂಬುದು ಆಗ ನನಗೆ ಹೊಳೆಯಿತು. ಒಂದು ಬಸ್ಸಿನ ಮಾತನ್ನೇ ಅಧ್ಯಯನ ಎಂದುಬಿಡಲಾರೆ. ಆದರೂ 2023ರ ಜೂನ್‌ನಿಂದ ಪುಕ್ಕಟೆಯಾದ ಈ ಪ್ರಯಾಣ ಎಷ್ಟು ಜನರಿಗೆ ದೂರದ ಕೂಲಿ ತೋರಿಸಿತು ಎಂದು ಅಳೆಯುವುದೂ ಅದೇ ಶಾಸ್ತ್ರದ ಕೆಲಸ ತಾನೇ?

ಈಗ ಬಳ್ಳಾರಿ, ವಿಜಯನಗರ, ಚಿತ್ರದುರ್ಗ, ತುಮಕೂರು ಜಿಲ್ಲೆಗಳ ಗಣಿಬಾಧಿತ ಊರುಗಳಿಗೆಂದು ಸುಮಾರು 25,000 ಕೋಟಿಯ ಯೋಜನೆ ಇದೆ. ಗಣಿ ಕಂಪನಿಗಳಿಂದ ವಸೂಲಾಗಿ ಬಹುಕಾಲ ಕೂತಿದ್ದ ಹಣ. 2022ರಲ್ಲಿ ಸುಪ್ರೀಂ ಕೋರ್ಟ್ ಒಪ್ಪಿತು, ಕರ್ನಾಟಕ ಗಣಿ ಪರಿಸರ ಪುನಶ್ಚೇತನ ನಿಗಮ ಖರ್ಚು ಮಾಡಬೇಕು. ಜಿಲ್ಲಾ ಖನಿಜ ಪ್ರತಿಷ್ಠಾನದ ಹಣ ಬೇರೆ. ಇಷ್ಟು ದುಡ್ಡು ಕಂಡಾಗ ಇಲಾಖೆಗಳ ವರ್ತನೆ ಏನಾಗುತ್ತದೆ? ಗುತ್ತಿಗೆದಾರರದು? ಧೂಳು ಕುಡಿದ ಊರಿಗೆ ಎದೆರೋಗದ ವೈದ್ಯ ಮೊದಲು ಬರುತ್ತಾನೋ, ಸಮುದಾಯ ಭವನವೋ? ಇಂಥ ಪ್ರಶ್ನೆಗೆ ನಮ್ಮ ಸಂಕಿರಣಗಳಲ್ಲಿ ಗೋಷ್ಠಿ ಇಲ್ಲ.

ಆ ಹುಡುಗಿ ಮೊನ್ನೆ ಸಿಕ್ಕಿದ್ದಳು. ತನ್ನ ಕಿರುಪ್ರಬಂಧಕ್ಕೆ ಲಾರಿ ಕಳೆದುಕೊಂಡವರನ್ನು ಮಾತಾಡಿಸುತ್ತಿದ್ದಾಳಂತೆ. ಅಣ್ಣನ ಫೋನ್ ನಂಬರ್ ಕೊಟ್ಟಿದ್ದೇನೆ.